ಹವಾಯಿಯ ಟೀಚರ್

ಅನಾಲಿನ್ ಮೊದಲ ಸಲ ಸರವುತ್‌ನ ಕಣ್ಣಿಗೆ ಬಿದ್ದಾಗ ಸೂರ್ಯಕಾಂತಿ ಹೂವಾಗಿದ್ದಳು.

ಥಾಯ್ ನಾಡಿನ ನೊಂಗ್ ಖಾಯ್ ಊರಿನ ಆ ಖಾಸಗಿ ಶಾಲೆಯಲ್ಲಿ ಅಂದು ಅಡ್ಮಿಷನ್ ಶುರುವಾಗಿತ್ತು. ಸ್ಪಂಜಿನ ಹಳದಿ ದಳಗಳ ನಡುವೆ ಮುಖ ತೂರಿಸಿಕೊಂಡು ಗೇಟಿನಲ್ಲಿ ನಿಂತು, ಬರುವ ಅಪ್ಪಅಮ್ಮಂದಿರಿಗೆಲ್ಲ ಇಂಗ್ಲಿಷಿನಲ್ಲಿ ಗುಡ್ ಮಾರ್ನಿಂಗ್ ಹೇಳುವುದು ಅವಳ ಕೆಲಸ. ಬೆವರು ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಕೈಗಳೆರಡೂ ಎಲೆಗಳೊಳಗೆ ಸಿಕ್ಕಿಕೊಂಡಿದ್ದವು. ಆಗ ಸೈಕಲ್ಲಿನಿಂದಿಳಿದ ಸಂಗೀತದ ಮೇಷ್ಟ್ರು ಸರವುತ್ ಕರ್ಚೀಫು ತೆಗೆದ. ಎಲ್ಲಿ ಕೊಡುವುದೆಂದು ತಿಳಿಯದೆ ಒಂದು ಎಲೆಯ ಮೇಲಿಟ್ಟ.

"ಹವಾಯಿಯಲ್ಲಿ ಇಷ್ಟು ಸೆಕೆ ಇರಲ್ಲ ಅಲ್ವಾ ಟೀಚರ್?"

ಅವಳು ಇಲ್ಲವೆಂದು ತಲೆಯಾಡಿಸಿದಳು. ದಳಗಳೂ ಇಲ್ಲವೆಂದವು. ಹವಾಯಿಯನ್ನು ಅವಳು ಕನಸಿನಲ್ಲಿಯೂ ನೋಡಿರಲಿಲ್ಲ.

ಅವಳ ಊರು ಫಿಲಿಪ್ಪೀನ್ಸಿನ ಇಲೋಯ್ಲೋ. ಕೆಲಸಕ್ಕೆ ಸೇರಿದ ದಿನವೇ ಶಾಲೆಯ ಒಡತಿ ವಿಲಾವನ್ ಮೇಡಂ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಫಿಲಿಪ್ಪೀನ್ಸ್ ಅಂದರೆ ಇಲ್ಲಿನ ಪೇರೆಂಟ್ಸ್ ಮೂಗು ಮುರೀತಾರೆ, ಹವಾಯಿ ಅನ್ನೋಣ, ಅಮೆರಿಕವೂ ಆಯಿತು, ನಿನ್ನ ಬಣ್ಣಕ್ಕೂ ಹೊಂದಿತು ಎಂದಿದ್ದರು. ಯಾರ ಕಣ್ಣಿಗೂ ಬೀಳದಿರಲೆಂದು ಪಾಸ್‌ಪೋರ್ಟನ್ನು ತಮ್ಮ ಬೀರುವಿಗೆ ಸೇರಿಸಿದರು. ಅಲ್ಲೇ ಜೋಪಾನವಾಗಿರುತ್ತದಂತೆ.

ಅಂದಿನಿಂದ ಅನಾಲಿನ್ ಊರಿಲ್ಲದವಳಾದಳು.

ಮಕ್ಕಳಿಗೊಂದು ಹವಾಯಿ ಹಾಡು ಕಲಿಸಿ ಎಂದು ಸರವುತ್ ಒಮ್ಮೆ ಕೇಳಿಕೊಂಡ. ಅವಳು ದಿಕ್ಕು ತೋಚದೆ ಅಜ್ಜಿಯ ಜೋಗುಳವನ್ನು ಹಾಡಿಬಿಟ್ಟಳು. ಅವನು ಮರದ ಪಟ್ಟಿಗಳ ರನಾತ್ ವಾದ್ಯದ ಮುಂದೆ ಕೂತು, ಎರಡು ಕೋಲುಗಳಿಂದ ಆ ರಾಗವನ್ನು ಮೆಲ್ಲಗೆ ಹುಡುಕಿ ಹುಡುಕಿ ನುಡಿಸಿದ. ಅಷ್ಟು ದೂರದ ಅಜ್ಜಿಯ ದನಿ ಆ ಬಿದಿರುಬಣ್ಣದ ಪಟ್ಟಿಗಳಿಂದ ಹನಿಹನಿಯಾಗಿ ಉದುರಿತು. ಅವಳು ಕಿಟಕಿಯತ್ತ ತಿರುಗಿಕೊಂಡಳು.

"ಹವಾಯಿ ಜನ ಹಾಡುವಾಗ ಅಳ್ತಾರಾ?" ಅವನು ತಗ್ಗಿದ ದನಿಯಲ್ಲಿ ಕೇಳಿದ.

"ಕಣ್ಣಿಗೆ ಧೂಳು," ಎಂದಳು. ಹೊರಗೆ ಸೋನೆ ಮಳೆ. ಧೂಳೆಲ್ಲಿಂದ ಬರಬೇಕು!

ಅವಳಲ್ಲಿ ಇನ್ನೊಂದು ಗುಟ್ಟಿತ್ತು. ಅವಳಿಗೆ ಥಾಯ್ ಭಾಷೆ ಬರುತ್ತಿತ್ತು. ಶಿಶುವಿಹಾರದ ಮಕ್ಕಳ ಜಗಳ ಬಿಡಿಸುತ್ತ, ಬೀದಿಯ ನೂಡಲ್ಸ್ ಅಂಗಡಿಯವಳ ಹರಟೆಗೆ ಕಿವಿಗೊಡುತ್ತ ಅದು ತಾನಾಗಿ ಒಳಗಿಳಿದಿತ್ತು. ಬಾಯಿ ಬಿಡಲು ಮಾತ್ರ ನಾಚಿಕೆ. ಹೀಗಾಗಿ ಎಲ್ಲರೂ ಅವಳೆದುರೇ ಅವಳ ಬಗ್ಗೆ ಹಾಯಾಗಿ ಮಾತಾಡಿಕೊಳ್ಳುತ್ತಿದ್ದರು.

ಊಟದ ಮೇಜಿನಲ್ಲಿ ಗಣಿತದ ಟೀಚರು ಸರವುತ್‌ನ ಕಾಲೆಳೆಯುವುದು ದಿನದ ವಾಡಿಕೆ. ನಿನ್ನ ಹವಾಯಿ ಹುಡುಗಿ ಇವತ್ತು ನೀಲಿ ಉಟ್ಟಿದ್ದಾಳೆ, ನೋಡೋ, ಅನ್ನ ಮೂಗಿಗೆ ಹೋದೀತು, ಎನ್ನುವರು. ಅವನು ಕಿವಿ ಕೆಂಪಗೆ ಮಾಡಿಕೊಂಡು ಸಾರು ಕಲಕುವನು. ಒಂದು ದಿನ ಅವಳು ತಟ್ಟೆಯ ಹುರಿದ ಮೀನನ್ನು ಮುಳ್ಳೊಂದೂ ಮುರಿಯದಂತೆ ಬಿಡಿಸುತ್ತಿದ್ದಳು. ಅದನ್ನೇ ನೋಡುತ್ತಿದ್ದವನು ಥಾಯ್‌ನಲ್ಲಿ, ಯಾರಿಗೋ ಎಂಬಂತೆ ಹೇಳಿದ: "ಆ ಮೀನಿನ ಪುಣ್ಯ ನನಗಿಲ್ಲ."

ಮೇಜೆಲ್ಲ ನಕ್ಕಿತು. ಅನಾಲಿನ್ ಏನೂ ಅರ್ಥವಾಗದವಳಂತೆ ತಲೆತಗ್ಗಿಸಿ, ಮುಳ್ಳನ್ನೇ ಬಾಯಿಗಿಟ್ಟುಕೊಂಡಳು.

ಅಂದು ಸಂಜೆ ಮೆಕಾಂಗ್ ನದಿಯ ದಂಡೆಯಲ್ಲಿ ಒಬ್ಬಳೇ ನಡೆದಳು. ಆಚೆ ದಡದ ಲಾವೋಸಿನ ದೀಪಗಳು ನೀರಿಗಿಳಿದು ನಡುಗುತ್ತಿದ್ದವು. ತನಗೂ ಇವನು ಬೇಕು ಎಂದು ಮನಸ್ಸು ಹೇಳಿತು. ಅದರ ಬೆನ್ನಿಗೇ ಇನ್ನೊಂದು ಮಾತು: ಇಲ್ಲಿ ನಾನಾಗಿ ಇದ್ದೇನೆಯೋ, ಇವರು ಹಿಡಿದಿಟ್ಟಿದ್ದಾರೆಯೋ? ಅಕ್ಟೋಬರ್ ರಜೆಗೆ ಊರಿಗೆ ಹೋಗಿಬರುತ್ತೇನೆಂದು ಮತ್ತೆ ಮತ್ತೆ ಬೇಡಿದ್ದಳು. ಕರಾರು ಮುಗಿಯುವವರೆಗೆ ಬೀರು ತೆಗೆಯುವುದಿಲ್ಲವೆಂದು ಮೇಡಂ ನಗುನಗುತ್ತಲೇ ಹೇಳಿದ್ದರು. ಹೋಗಲಾಗದವಳು ಇರುತ್ತೇನೆಂದರೆ ಆ ಮಾತಿಗೇನು ಬೆಲೆ?

ವರ್ಷಕ್ಕೊಮ್ಮೆ ಫಿಲಿಪ್ಪೀನ್ಸಿನ ರಾಯಭಾರ ಕಚೇರಿಯವರು ಊರಿಗೆ ಬಂದು, ಭಾನುವಾರದ ಪೂಜೆಯಾದ ಮೇಲೆ ಚರ್ಚಿನ ಹಾಲಿನಲ್ಲಿ ಮೇಜು ಹಾಕುತ್ತಿದ್ದರು. ಈ ಸಲವೂ ಸುತ್ತಲಿನ ಇಂಗ್ಲಿಷ್ ಟೀಚರುಗಳೆಲ್ಲ ಪಾಸ್‌ಪೋರ್ಟ್ ನವೀಕರಿಸಲು ಸಾಲು ನಿಂತರು. ಅನಾಲಿನ್ ಬರಿಗೈಯಲ್ಲಿ ನಿಂತಳು.

ಅಧಿಕಾರಿ ತೋಲೆಂತಿನೋ ಮೇಡಂ ದಪ್ಪ ಹೆಂಗಸು. ಚಪ್ಪಲಿ ಬಿಚ್ಚಿ ಬಾತ ಪಾದಗಳನ್ನು ತಣ್ಣನೆ ನೆಲಕ್ಕೊತ್ತಿ ಕೂತಿದ್ದರು. ಅನಾಲಿನ್ ತಡವರಿಸುತ್ತ ಬೀರುವಿನ ಕಥೆ, ಹವಾಯಿಯ ಕಥೆ ಹೇಳಿದಳು. ಹವಾಯಿ ಎಂದಾಗ ಸಾಲಿನಲ್ಲಿದ್ದವರು ನಕ್ಕರು. ಬೀರು ಎಂದಾಗ ಯಾರೂ ನಗಲಿಲ್ಲ.

ಹಿಂದೆ ನಿಂತಿದ್ದ ರೋದೆಲ್ ಎಂಬ ಹಿರಿಯ ಟೀಚರು ಗೊಣಗಿದ. "ಕಣ್ಣು ಬಿಟ್ಕೊಂಡು ಸಹಿ ಹಾಕಿದ್ದು ನಾವೇ ತಾನೇ ತಂಗಿ? ಟೀಚರುಗಳ ಜಗಳಕ್ಕೆಲ್ಲ ರಾಯಭಾರಿಗಳು ಬರೋಕಾಗುತ್ತಾ?"

"ಮತ್ತೆ ಬಾವುಟಕ್ಕೆ ಇಸ್ತ್ರಿ ಹಾಕ್ತಾ ಕೂರೋಕಾ ಅವರಿರೋದು?" ಅವನ ಹೆಂಡತಿಯೇ ತಿವಿದಳು.

ತೋಲೆಂತಿನೋ ಮೇಡಂ ಇಬ್ಬರಿಗೂ ಹೌದೆಂದರು. ಕರಾರಿನಲ್ಲಿ ಕೈ ಹಾಕಲು ತಮಗೆ ಅಧಿಕಾರವಿಲ್ಲ. ಹೂವಿನ ವೇಷ ಹಾಕಿಸಿದರೆಂದು ಬೇರೆ ದೇಶದ ಶಾಲೆಯ ಮೇಲೆ ಜೋರು ಮಾಡುವಂತಿಲ್ಲ. "ಆದರೆ ಮಗಳೇ, ಪಾಸ್‌ಪೋರ್ಟು ನಿನ್ನದೂ ಅಲ್ಲ, ಅವರದೂ ಅಲ್ಲ. ನಮ್ಮ ಸರ್ಕಾರದ್ದು. ನಮ್ಮ ವಸ್ತು ಕೇಳೋಕೆ ನನಗ್ಯಾರ ಅಪ್ಪಣೆ ಬೇಕು?" ಎನ್ನುತ್ತ ಪಾದಗಳಿಂದ ಚಪ್ಪಲಿ ತಡಕಾಡಿದರು.

ಮರುದಿನ ವಿಲಾವನ್ ಮೇಡಮ್ಮಿನ ಕೋಣೆಯಲ್ಲಿ ನಾಲ್ವರು ಕೂತರು. ನಾಲ್ಕನೆಯವನು ಸರವುತ್. ನದಿದಂಡೆಯ ಹೋಟೆಲಿನಲ್ಲಿ ಪ್ರವಾಸಿಗಳಿಗೆ ರನಾತ್ ನುಡಿಸಿ ಸರಾಗ ಇಂಗ್ಲಿಷ್ ಕಲಿತ ಥಾಯ್ ಮೇಷ್ಟ್ರು ಅವನೊಬ್ಬನೇ ಆದ್ದರಿಂದ, ತಮ್ಮ ಹರಕುಮುರುಕು ಇಂಗ್ಲಿಷು ಸಾಲದೆಂದು ಮಾತು ದಾಟಿಸಲು ಒಡತಿಯೇ ಕರೆಸಿದ್ದರು. ಹಿರಿಯರೆದುರು ಅವನ ತಲೆ ಎಂದೂ ಎದ್ದದ್ದಿಲ್ಲ. ಅಂದೂ ಕೈಮುಗಿದು ಕುರ್ಚಿಯ ತುದಿಯಲ್ಲಿ ಕೂತ.

ತೋಲೆಂತಿನೋ ಮೇಡಂ ಇಂಗ್ಲಿಷಿನಲ್ಲಿ ಬೆಣ್ಣೆಯಲ್ಲಿ ಕೂದಲೆಳೆದಂತೆ ಮಾತಾಡಿದರು. ಯಾರ ಮೇಲೂ ದೂರಿಲ್ಲ. ಪಾಸ್‌ಪೋರ್ಟ್ ಹಿಂದಿರುಗಿಸಿದರೆ ಉಪಕಾರ. ಅಷ್ಟೇ.

ಸರವುತ್ ಅದನ್ನು ಥಾಯ್‌ಗೆ ತಿರುಗಿಸತೊಡಗಿದ. ಅವರ ಮಾತು ಮುಗಿದರೂ ಅವನ ಮಾತು ಮುಗಿಯಲಿಲ್ಲ.

"ಮೇಡಂ, ಅವರು ಕಲಿಸಿದ ಹಾಡಲ್ಲಿದ್ದದ್ದು ಹವಾಯಿ ಅಲ್ಲ. ನನಗೆ ಅವತ್ತೇ ಗೊತ್ತಾಯ್ತು. ಆ ಹಾಡು ನುಡಿಸಿದಾಗೆಲ್ಲ ಅವರನ್ನ ನಾವು ಕದ್ದು ಇಟ್ಕೊಂಡಿದ್ದೀವಿ ಅನ್ನಿಸುತ್ತೆ. ಕೊಟ್ಟುಬಿಡಿ."

ವಿಲಾವನ್ ಮೇಡಂ ಥಾಯ್‌ನಲ್ಲೇ ಸಿಡುಕಿದರು. "ಕೈಗೆ ಸಿಕ್ಕಿದ ದಿನವೇ ಹಾರಿಹೋಗ್ತಾಳೆ. ಊರಿಗೆಲ್ಲ ಗೊತ್ತು ನೀನು ಅವಳ ಹಿಂದೆ ಬಿದ್ದಿರೋದು. ನೀನೇ ಬಾಗಿಲು ತೆಗಿ ಅಂತೀಯಲ್ಲೋ, ಹುಚ್ಚಾ ನಿನಗೆ?"

ಅವನು ತಲೆಯೆತ್ತಿದ. "ಬಾಗಿಲು ಹಾಕಿದ ಮನೇಲಿ ಕೂತೋಳನ್ನ ಏನಂತ ಕೇಳಲಿ ಮೇಡಂ? ಹೋದ್ರೆ ಹೋಗ್ಲಿ. ಹೋಗೋ ದಾರಿ ಇದ್ದೂ ನಿಂತ್ರೆ, ಆಗ ಕೇಳ್ತೀನಿ."

ಅನಾಲಿನ್ ಮಡಿಲಲ್ಲಿನ ತನ್ನ ಕೈಗಳನ್ನೇ ನೋಡುತ್ತಿದ್ದಳು. ಕಿವಿಯೊಳಗೆ ಅಜ್ಜಿಯ ಜೋಗುಳವೆಲ್ಲ ಒಟ್ಟಿಗೇ ನುಡಿಯುತ್ತಿತ್ತು.

"ಏನಂತಾರೆ?" ತೋಲೆಂತಿನೋ ಮೇಡಂ ಕೇಳಿದರು.

ಸರವುತ್ ಬೆವರೊರೆಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದ: "ಬೀಗದಕೈ ಹುಡುಕ್ತಾ ಇದ್ದಾರಂತೆ."

ಒಡತಿ ಕಿಟಕಿಯಾಚೆ ನೋಡಿದರು. ರಾಯಭಾರ ಕಚೇರಿಯ ಬಾವುಟದ ಕಾರು ಗೇಟಿನಲ್ಲಿ ನಿಂತಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಅದನ್ನೇ ನೋಡುತ್ತಿದ್ದರು. ಇನ್ನು ಹವಾಯಿಯ ಸುಳ್ಳನ್ನು ಯಾರೂ ನಂಬುವಂತಿರಲಿಲ್ಲ. ಕೊನೆಗೆ ಬೀರು ತೆರೆಯಿತು. ಸರವುತ್‌ಗೆ ಮಾತ್ರ, ಈ ವರ್ಷ ಮುಗಿದ ಮೇಲೆ ಹೋಟೆಲಿಗೇ ಹೋಗಿ ಬಾರಿಸಿಕೋ ಎಂದರು. ಅವನು ಅದಕ್ಕೂ ಕೈಮುಗಿದ.

ಸಂಜೆ ಅವನು ನದಿದಂಡೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ತುಂಬಿದ ನೀರು ಬಾನಿನ ಬಣ್ಣವನ್ನೆಲ್ಲ ಹೊತ್ತು ಮೆಲ್ಲಗೆ ಹೋಗುತ್ತಿತ್ತು. ಅನಾಲಿನ್ ಬಂದು ಪಕ್ಕದಲ್ಲಿ ಕೂತಳು. ಅವನು ಇಂಗ್ಲಿಷಿನಲ್ಲಿ ತುಂಬ ಸಂತೋಷವಾಯಿತು ಟೀಚರ್ ಎಂದ. ಅವನ ಕಣ್ಣು ಹಾಗನ್ನುತ್ತಿರಲಿಲ್ಲ.

ಅವಳು ಒಮ್ಮೆ ಉಸಿರೆಳೆದುಕೊಂಡಳು. ಈವರೆಗೆ ಯಾರೆದುರೂ ಆಡದ ಥಾಯ್‌ನಲ್ಲಿ, ಮಗು ಮೊದಲ ಹೆಜ್ಜೆಯಿಡುವಂತೆ, ಒಂದೊಂದೇ ಮಾತಿಟ್ಟಳು.

"ಹೋಗೋ ದಾರಿ ಸಿಕ್ಕಿದೆ. ಇನ್ನೂ ನಿಂತಿದ್ದೀನಿ. ಕೇಳ್ತೀನಿ ಅಂದಿದ್ರಲ್ಲ, ಕೇಳಿ."

ಅವನ ಮುಖದ ರಕ್ತವೆಲ್ಲ ಇಳಿದು, ಮತ್ತೆ ಒಮ್ಮೆಲೇ ಏರಿತು. ಕ್ಷೀಣವಾಗಿ ಕೇಳಿದ್ದು ಇಷ್ಟು:

"ಹಾಗಾದ್ರೆ... ಆ ಮೀನಿನ ಮಾತು?"

"ಅದೂ."

"ನೀಲಿ ಬಟ್ಟೆ?"

"ಅದಕ್ಕೇ ವಾರಕ್ಕೆರಡು ಸಲ ಉಡ್ತಿದ್ದೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ನಗು ಸೋರಿತು. ಅದೇ ಸಂದಿಯಿಂದ ಅವಳನ್ನು ನೋಡುತ್ತ, ಕೇಳಬೇಕಾದ್ದನ್ನು ಕೇಳಿದ. ಎಷ್ಟು ಮೆಲ್ಲಗೆಂದರೆ ನದಿಗೂ ಅರ್ಧ ಮಾತ್ರ ಕೇಳಿಸಿತು.

ಅಕ್ಟೋಬರಿನಲ್ಲಿ ಊರಿಗೆ ಹೋಗುತ್ತೇನೆ, ಆ ಹಾಡು ಒಬ್ಬರಿಗೆ ಬರುತ್ತದೆಂದು ಅಜ್ಜಿಗೆ ಹೇಳಬೇಕು, ಅವಳು ಏನನ್ನುತ್ತಾಳೆಂದು ಬಂದು ತಿಳಿಸುತ್ತೇನೆ ಎಂದಳು. ಬಂದು ಎಂದಾಗ ಅವನು ಮುಖದಿಂದ ಕೈ ತೆಗೆದ.

ಗಾಳಿಗೆ ಅವಳ ಕೂದಲು ಕೆದರಿತ್ತು. ಕಟ್ಟಿಕೊಳ್ಳುವವರೆಗೆ ಹಿಡಿದುಕೊಳ್ಳಿ ಎಂದು ಪಾಸ್‌ಪೋರ್ಟನ್ನು ಅವನ ಕೈಗಿಟ್ಟಳು. ಅವನು ಅದನ್ನು ಪ್ರಸಾದ ಹಿಡಿದಂತೆ ಎರಡೂ ಅಂಗೈಯಲ್ಲಿ ಹಿಡಿದ. ಮೇಲಿನ ಚಿನ್ನದ ಅಕ್ಷರಗಳಲ್ಲಿ ಅವಳ ದೇಶದ ಹೆಸರನ್ನು ದನಿಯೆತ್ತಿ ಓದಿದ. ಈ ಊರಿನಲ್ಲಿ ಆ ಹೆಸರು ಅಷ್ಟು ಚಂದವಾಗಿ ಕೇಳಿಸಿದ್ದು ಅದೇ ಮೊದಲು.

ಅವಳ ಜಡೆ ಇನ್ನೂ ಅರ್ಧವಷ್ಟೇ ಹೆಣೆದಾಗಿತ್ತು. ಅವನು ಆಗಲೇ ಪಾಸ್‌ಪೋರ್ಟನ್ನು ತಿರುಗಿ ಅವಳ ಮಡಿಲಿಗಿಟ್ಟಿದ್ದ.