ಲತೀಫರ ಸೀಟಿನಲ್ಲಿ ಬಂದವನು

"ನಮ್ಮ ಅಬ್ಬಾ ಎಲ್ಲಿ?"

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬಾಂಬೆ ರೈಲಿನಿಂದ ಇಳಿದವನಿಗೆ ಮಾಹಿರಾ ಅಡ್ಡ ನಿಂತಳು. ಅವನ ಕೈಯಲ್ಲಿದ್ದದ್ದು ಅವಳ ತಂದೆ ಲತೀಫರ ಚೀಲ. ತಂದೆ ಮಾತ್ರ ಇಲ್ಲ!

"ನಾನು ಓವೈಸ್... ಅವರ ಜೊತೆ ಕೆಲಸಕ್ಕಿದ್ದೆ. ಬಸ್ಸಲ್ಲಿ ಒಂದೇ ಸೀಟಿತ್ತು..."

"ಅದ್ರಲ್ಲಿ ನೀನು ಕೂತ್ಕೊಂಡ್ಯಾ? ವಯಸ್ಸಾದವರನ್ನ ಯುದ್ಧದಲ್ಲಿ ಬಿಟ್ಟು? ಥೂ! ನಾಚ್ಕೆ ಆಗ್ಲಿಲ್ವಾ ನಿಂಗೆ?"

ಅವನು ಚೀಲ ಮುಂದೆ ಚಾಚಿದ. ಅದನ್ನು ಕಿತ್ತುಕೊಂಡು ಅವಳು ಹೊರಟೇಹೋದಳು.

ಅದು ೧೯೯೦ರ ಸೆಪ್ಟೆಂಬರ್. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳು ಮೀರಿತ್ತು. ಅಲ್ಲಿ ಸಿಕ್ಕಿಕೊಂಡ ನಮ್ಮವರು ಬಸ್ಸಿನಲ್ಲಿ ಮರುಭೂಮಿ ದಾಟಿ ಅಮ್ಮಾನ್ ಸೇರಬೇಕು, ಅಲ್ಲಿಂದ ವಿಮಾನದಲ್ಲಿ ಬಾಂಬೆಗೆ. ಶಿವಾಜಿನಗರದ ಮದುವೆ ಅಡುಗೆಗಳಲ್ಲಿ ಹೆಸರು ಮಾಡಿದ್ದ ಲತೀಫರು ಎರಡು ವರ್ಷದಿಂದ ಕುವೈತಿನಲ್ಲಿ ಬಾವರ್ಚಿ. ತಾಯಿಯಿಲ್ಲದ ಮಾಹಿರಾಳಿಗೆ ಇದ್ದವರು ಅವರೊಬ್ಬರೇ.

ಮರುದಿನದಿಂದ ಓವೈಸ್ ಅವಳ ಬೀದಿಯ ಫೋನ್ ಬೂತಿನಲ್ಲೇ ಠಿಕಾಣಿ ಹೂಡಿದ. ದಿಲ್ಲಿಗೆ ಫೋನು, ಅಮ್ಮಾನಿಗೆ ಫೋನು... ಗಡಿ ದಾಟಿ ಬಂದವರ ಪಟ್ಟಿಯಲ್ಲಿ ಲತೀಫರ ಹೆಸರು ಬಂತೇ?

"ಮಗೂನ ಚಿವುಟಿ ತೊಟ್ಟಿಲು ತೂಗ್ತಿದೀಯಾ?" ಮಾಹಿರಾ ಸಿಡಿದಳು.

"ಬೈಯಿರಿ. ಆದ್ರೆ ಊಟ ಬಿಡ್ಬೇಡಿ."

"ಅದನ್ನ ಹೇಳೋಕೆ ನೀನ್ಯಾರೋ!"

ಕೋಪ ಅಂದರೆ ಅಂತಿಂಥ ಕೋಪವೇ! ಅವಳ ಶಾಪ ಕೇಳಲಾರದೆ ಎದುರುಮನೆ ಅಮೃತಮ್ಮನೇ ಕಿಟಕಿ ಮುಚ್ಚಿಕೊಂಡರು. ಆದರೆ ಬೆಳಗಾದರೆ ಮಾಹಿರಾಳ ಕಣ್ಣು ಬೂತಿನ ಕಡೆಗೇ. ಬಂದನಾ? ಯಾಕಿಷ್ಟು ಸೊರಗಿದ್ದಾನೆ? ಛೀ, ಅವನ ಮೇಲೆ ಕನಿಕರ ಬೇರೆ ಕೇಡು ನನಗೆ!

ಹನ್ನೆರಡನೆಯ ದಿನ ಮಧ್ಯಾಹ್ನ ಬೂತಿನ ಅಕ್ತರ್ ಕೂಗಿದ. "ಮಾಹಿರಾ! ಅಮ್ಮಾನಿಂದ ಫೋನು! ನಿಮ್ಮ ಅಬ್ಬಾ!"

ಅವಳು ಬರಿಗಾಲಲ್ಲೇ ಓಡಿದಳು.

"ಬೇಟಿ, ಗಡಿ ದಾಟಿ ಬಂದ್ಬಿಟ್ಟೆ. ನಾಳೆ ವಿಮಾನ."

"ಅಬ್ಬಾ... ಆ ಓವೈಸ್ ನಿಮ್ಮ ಸೀಟು ಕಸ್ಕೊಂಡ್ನಲ್ಲ!"

"ಕಸ್ಕೊಂಡ್ನಾ? ಯಾರಂದ್ರು ಹಾಗೆ? ಬಸ್ಸಿಗೆ ಕಾಯ್ತಾ ಮುನ್ನೂರು ಜನ ಒಂದು ಸ್ಕೂಲಲ್ಲಿದ್ವಿ, ಅಡುಗೆ ನಂದು. ಕೊನೇ ಮನುಷ್ಯ ಉಣ್ಣೋ ತನಕ ಬಾವರ್ಚಿ ಒಲೆ ಬಿಟ್ಟು ಏಳ್ತಾನೇನಮ್ಮಾ? ನಮ್ಮ ಮನೇಲಿ ಅದುಂಟಾ? ಆ ಹುಡುಗ ಕಾಲು ಹಿಡ್ಕೊಂಡ, ನೀವೇ ಹೋಗಿ ಅಂತ. ಜ್ವರದಲ್ಲಿ ಸುಡ್ತಿದ್ದ. ನಾನೇ ಬೈದು ಬಸ್ ಹತ್ತಿಸ್ದೆ. ಬೇಕಂತಲೇ ಉಳ್ಕೊಂಡೆ ಅಂತ ಮಗಳಿಗೆ ಹೇಳ್ಬೇಡಪ್ಪಾ ಅಂದಿದ್ದೆ."

ಮಾಹಿರಾ ಫೋನು ಇಟ್ಟಳು. ಅಬ್ಬಾ ಬದುಕಿದ ಸಂತೋಷ ಒಂದು ಕಡೆ. ಹನ್ನೆರಡು ದಿನದ ಬೈಗುಳ ಇನ್ನೊಂದು ಕಡೆ... ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

ಓವೈಸ್ ಬಾಗಿಲಲ್ಲೇ ನಿಂತಿದ್ದ.

"ಇಷ್ಟೆಲ್ಲ ಅನ್ನಿಸ್ಕೊಂಡ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರ ಮೇಲೆ ಕೋಪ ಮಾಡ್ಕೋತಿದ್ರಿ. ಅಷ್ಟ್ರಲ್ಲಿ ಅವರಿಗೇನಾದ್ರೂ ಆಗಿದ್ರೆ... ನೀವು ಜೀವನಪೂರ್ತಿ ಅಳ್ಬೇಕಿತ್ತು. ನನ್ನ ಮೇಲಾದ್ರೆ ಪರವಾಗಿಲ್ಲ. ನಾನ್ಯಾರು ನಿಮ್ಗೆ?"

ಅವಳ ಕಣ್ಣು ತುಂಬಿ ಹರಿಯಿತು.

"ಅದನ್ನ... ಅಬ್ಬಾ ಬಂದ್ಮೇಲೆ ಅವರನ್ನೇ ಕೇಳಿ."

ಅವನು ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಮೆಲ್ಲಗೆ ಕೇಳಿದ, "ಹೆಣ್ಣು ಕೇಳಿದ್ರೆ ಕೊಡ್ತಾರಾ?"

"ಅವರು ಕೊಡ್ದಿದ್ರೂ ನಾನು ಬರ್ತೀನಿ!"