ಬಾಗಿಲ ಹೊರಗೆ ಕೇಳಿದ ಪೂರ್ವಪಕ್ಷ

"ಅಜ್ಜಿಯರ ರೋಸ್ ಹಾಡಿಗೆ ಮೂಲಗ್ರಂಥಗಳ ಪಕ್ಕದಲ್ಲಿ ಎಂತ ಕೆಲಸ? ಒಲಿಂಡಾ ಅವರ ವಿಷಯವನ್ನು ಒಪ್ಪಲೇಬಾರದು!"

ತರಗತಿಯ ಮುಚ್ಚಿದ ಬಾಗಿಲ ಹೊರಗೆ ಒಲಿಂಡಾ ಕಲ್ಲಾಗಿ ನಿಂತಳು. ಕಟಪಾಡಿಯಲ್ಲಿ ಬಸ್ಸು ಕೆಟ್ಟು, ತಡವಾಗಿ ಓಡೋಡಿ ಬಂದಿದ್ದಳು. ಒಳಗಿನ ದನಿ ಸಹಪಾಠಿ ಸಿಲ್ವೆಸ್ಟರನದು... ಕಾರ್ಕಳದ ಸಿಲ್ವೆಸ್ಟರ್! "ನಿಮ್ಮ ಅಜ್ಜಿಯ ಹಾಡು ಕೇಳಲು ಕಾಪುವಿಗೆ ಬರಲಾ?" ಎಂದು ನಿನ್ನೆಯಷ್ಟೇ ನಾಚುತ್ತಾ ಕೇಳಿದವನು.

ಎಂಬತ್ತರ ದಶಕದ ಆ ವರ್ಷ ಮಣಿಪಾಲದ ಗುಡ್ಡದ ಮೇಲೆ ಹೊಸದೊಂದು ಸ್ನಾತಕೋತ್ತರ ತರಗತಿ ಶುರುವಾಗಿತ್ತು. ಇತಿಹಾಸದವರು, ತತ್ವಶಾಸ್ತ್ರದವರು, ಕನ್ನಡದವರು ಒಂದೇ ಚಾಪೆಯಲ್ಲಿ ಕುಳಿತು ಹಳೆಯ ಗ್ರಂಥಗಳನ್ನು ಓದುವುದು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದಲ್ಲಿ ಅಜ್ಜಿಯರು ಹಾಡುತ್ತಾರಲ್ಲ, ಆ ಹಾಡುಗಳನ್ನೂ ಗ್ರಂಥಗಳ ಜೊತೆಗಿಟ್ಟು ಓದಿ ಪ್ರಬಂಧ ಬರೆಯಬೇಕೆಂಬುದು ಒಲಿಂಡಾಳ ಆಸೆ. ಇವತ್ತಿನ ಚರ್ಚೆಯಲ್ಲಿ ಆ ವಿಷಯಕ್ಕೆ ಒಪ್ಪಿಗೆ ಸಿಗದಿದ್ದರೆ ಓದು ಬಿಟ್ಟು ಮನೆಯಲ್ಲಿರು ಎಂದು ಅಪ್ಪ ಹೇಳಿಬಿಟ್ಟಿದ್ದರು.

'ಇವನೇ ನನ್ನ ದಾರಿ ಮುಚ್ಚಿದನಲ್ಲ, ದೇವರೇ!'

ಅವಳು ತಿರುಗಿ ನೋಡದೆ ಗುಡ್ಡ ಇಳಿದಳು. ಮತ್ತೆ ತರಗತಿಗೆ ಹೋಗಲಿಲ್ಲ.

ಭಾನುವಾರ ಬಲಿಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುವಾಗ ಸಹಪಾಠಿ ಝೀಟಾ ಎದುರಾದಳು. ಅವಳ ಹಿಂದೆ ಸಿಲ್ವೆಸ್ಟರ್!

"ಎಂತ ಮಾರಾಯ್ತಿ, ಒಪ್ಪಿಗೆ ಸಿಕ್ಕಿದವಳು ಹೀಗೆ ಮುಖ ಊದಿಸುವುದಾ?" ಎಂದಳು ಝೀಟಾ.

"ಒಪ್ಪಿಗೆ... ಸಿಕ್ಕಿತಾ?"

"ನೀನು ಬರಲಿಲ್ಲ ಅಂತ ಹೂವಪ್ಪ ಸರ್ ವಿಷಯವನ್ನೇ ಕೈಬಿಡುವುದರಲ್ಲಿದ್ದರು. ಈ ಮಹಾನುಭಾವರೇ ಎದ್ದು ವಾದ ಮಾಡಿದ್ದು."

"ಸುಳ್ಳು! ಬೇಡ ಅಂದದ್ದನ್ನು ನಾನೇ ಕೇಳಿದ್ದೇನೆ."

ಸಿಲ್ವೆಸ್ಟರ್ ಮೆಲ್ಲಗೆ ಕೇಳಿದ, "ಎಷ್ಟು ಕೇಳಿದಿರಿ? ಮೊದಲು ಪೂರ್ವಪಕ್ಷ ಅಲ್ವಾ..."

ಒಲಿಂಡಾಳಿಗೆ ಆಗ ನೆನಪಾಯಿತು. ಎದುರಾಳಿಯ ವಾದವನ್ನು, ಅವನೇ 'ಹೌದು, ಇದೇ ನನ್ನ ಮಾತು' ಎನ್ನುವಷ್ಟು ಚೆನ್ನಾಗಿ ಮೊದಲು ಹೇಳಬೇಕು. ತನ್ನ ಸಿದ್ಧಾಂತ ಆಮೇಲೆ. ಉಡುಪಿಯ ಮಠಗಳ ಈ ಹಳೆಯ ಕ್ರಮವನ್ನೇ ಹೂವಪ್ಪ ಸರ್ ತರಗತಿಯ ನಿಯಮ ಮಾಡಿದ್ದರು. ದಿನವೂ ತಾನೇ ಪಾಲಿಸಿದ ನಿಯಮ! ತನ್ನ ಹೆಸರು ಕಿವಿಗೆ ಬಿದ್ದೊಡನೆ ಮರೆತೇ ಹೋಗಿತ್ತು.

"ನಾನೊಂದು ಮೇಣದಬತ್ತಿ ಹಚ್ಚಿ ಬರ್ತೇನೆ. ನಿಮ್ಮಿಬ್ಬರಿಗೂ ಬುದ್ಧಿ ಬರಲಿ ಅಂತ," ಎಂದು ಝೀಟಾ ಜಾರಿಕೊಂಡಳು.

"ಕ್ಷಮಿಸಿ..." ಎಂದಳು ಒಲಿಂಡಾ.

"ಇನ್ನೊಂದು ಪೂರ್ವಪಕ್ಷ ಉಂಟು," ಎಂದ ಅವನು. "ಸಿಲ್ವೆಸ್ಟರನನ್ನು ಮದುವೆಯಾಗಬಾರದು. ಅವನಿಗಿನ್ನೂ ಕೆಲಸವಿಲ್ಲ. ಇವತ್ತು ಅಜ್ಜಿಯ ಹಾಡು ಬೇಕೆನ್ನುವವನು, ತಾಳಿ ಕಟ್ಟಿದ ಮೇಲೆ 'ಓದಿದ್ದು ಸಾಕು' ಎಂದರೆ? ಒಲಿಂಡಾಳಿಗೆ ಆ ಭಯ ಮೊದಲೇ ಇತ್ತು. ಅದಕ್ಕೇ ಅರ್ಧ ಮಾತು ಕೇಳಿದೊಡನೆ ನಂಬಿಬಿಟ್ಟಳು."

ದೇವರ ಮುಂದೆ ಮಾತ್ರ ಹೇಳಿಕೊಂಡ ಭಯ ಅದು! ಅವಳ ಕಣ್ಣು ತುಂಬಿತು.

"ಹೌದು... ಇದೇ ನನ್ನ ಮಾತು. ಸಿದ್ಧಾಂತ?"

"ನಿಮ್ಮ ಓದು ಮುಗಿಯುವವರೆಗೆ ಕಾಯುತ್ತೇನೆ. ಆಮೇಲೂ ಓದುತ್ತಲೇ ಇರಿ, ಗಂಜಿ ನಾನು ಬೇಯಿಸುತ್ತೇನೆ."

ಒಲಿಂಡಾ ಅಳುತ್ತಲೇ ನಕ್ಕುಬಿಟ್ಟಳು.

"ಅಜ್ಜಿ ರೋಸ್ ಹಾಡನ್ನು ಸುಮ್ಮನೆ ಹಾಡುವುದಿಲ್ಲ. ನಾನು ಮದುಮಗಳಾಗಿ ಕೂತರೆ ಮಾತ್ರ."

"ಅವತ್ತು ಮದುಮಗನನ್ನು ಒಳಗೆ ಬಿಡುವುದಿಲ್ಲವಲ್ಲ! ನಾನು ಕೇಳುವುದು ಹೇಗೆ?"

"ಬಾಗಿಲ ಹೊರಗೆ ನಿಂತು ಕೇಳಿ," ಎಂದಳು. "ಆದರೆ ಪೂರ್ತಿ ಕೇಳಿ... ನನ್ನ ಹಾಗೆ ಅರ್ಧಕ್ಕೆ ಓಡಬೇಡಿ!"