ಹೊಸ ಕಾರು ಬರುವವರೆಗೆ

ಡಾರ್ಸಿ ಓಗಲ್ ಆ ಕಾರಿನ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಯಾರೋ ಕಿಟಕಿಯ ಗಾಜನ್ನು ಬೆರಳಿನಿಂದ ತಟ್ಟಿದರು.

ಗಾಜು ಇಳಿಸಿದಳು. ಉದ್ದನೆಯ ಮನುಷ್ಯ, ಕೆಂಚು ಕೂದಲು, ಮೂಗಿನ ಮೇಲೆಲ್ಲ ಬಿಸಿಲಿನ ಚುಕ್ಕೆಗಳು. ತುಂಬಾ ವಿನಯದಿಂದ ಬಗ್ಗಿದ.

"ಕ್ಷಮಿಸಿ ಮೇಡಂ, ನೀವು ನನ್ನ ಕಾರಲ್ಲಿ ಕೂತಿದೀರಿ ಅಂತ ಕಾಣತ್ತೆ."

"ನಿಮ್ಮದಾ? ಹಸ್ಕಿಯವರು ಮಾರೋಕಿಟ್ಟಿದಾರಲ್ಲ ಇದನ್ನ?"

"ಹೌದು. ನಂಗೆ ಕೊಡ್ತೀನಿ ಅಂದಿದಾರೆ."

"ಕೊಡ್ತೀನಿ ಅಂದಿದಾರೋ, ಕೊಟ್ಟಾಯ್ತೋ?"

ಅವನು ಒಂದು ಕ್ಷಣ ಯೋಚಿಸಿದ. "ಅಂದಿದಾರೆ."

"ಹಾಗಾದ್ರೆ ಇನ್ನೂ ನಿಮ್ಮದಾಗಿಲ್ಲ," ಎಂದು ಡಾರ್ಸಿ ಗಾಜು ಏರಿಸಿದಳು. ಗಾಜಿನ ಆಚೆ ಅವನು ನಗುವುದು ಕಂಡಿತು. ಸಿಟ್ಟು ಮಾಡಿಕೊಳ್ಳಬೇಕಾದ ಜಾಗದಲ್ಲಿ ನಗುವ ಗಂಡಸರನ್ನು ಅವಳು ಹೆಚ್ಚು ನೋಡಿರಲಿಲ್ಲ.

ಹಸ್ಕಿ ಮುದುಕಪ್ಪ ಜಗುಲಿಯಿಂದ ಐಸ್ ಟೀ ಲೋಟ ಹಿಡಿದುಕೊಂಡೇ ಇಳಿದು ಬಂದ. ಶನಿವಾರ ಬೆಳಿಗ್ಗೆ ಬನ್ನಿ ಎಂದು ಫೋನಿನಲ್ಲಿ ಇಬ್ಬರಿಗೂ ಹೇಳಿ, ಇಬ್ಬರಿಗೆ ಹೇಳಿದ್ದನ್ನು ಮರೆತಿದ್ದ. ಮೊಣಕಾಲಿನ ಆಪರೇಷನ್ ಆದಮೇಲೆ ಕ್ಲಚ್ ತುಳಿಯಲು ಆಗುವುದಿಲ್ಲವೆಂದು ತನ್ನ ಎರಡು ಸೀಟಿನ ನೀಲಿ ಸ್ಪೋರ್ಟ್ಸ್ ಕಾರನ್ನು ಮಾರಲು ಹೊರಟಿದ್ದ.

"ಜಗಳ ಆಡಬೇಡಿ ಮಕ್ಕಳೇ," ಎಂದ. "ನಿಮಗೆ ಇದೇ ಯಾಕೆ ಬೇಕು ಹೇಳಿ."

ಮಾತಾಡುತ್ತಾ ಹೋದಂತೆ ಇಬ್ಬರಿಗೂ ಆಶ್ಚರ್ಯವಾಯಿತು. ಇಬ್ಬರೂ ನಾಕ್ಸ್‌ವಿಲ್‌ನ ಒಂದೇ ಶೋರೂಮಿನಲ್ಲಿ, ಒಂದೇ ಹೊಸ ಮಾದರಿಗೆ ಹೆಸರು ಬರೆಸಿದ್ದರು. ವಸಂತಕ್ಕೆ ಬರುತ್ತದೆ ಎಂದಿದ್ದ ಕಂಪನಿ ಈಗ ಎಲೆ ಉದುರುವ ಹೊತ್ತಿಗೆ ಎನ್ನುತ್ತಿತ್ತು. ಡಾರ್ಸಿ ಹಳೆಯ ಕಾರನ್ನು ಆಗಲೇ ಮಾರಿಬಿಟ್ಟಿದ್ದಳು. ಈ ಮನುಷ್ಯನ, ಅಂದರೆ ವೆಂಡೆಲ್ ಟಿಪ್ಟನ್‌ನ ಕಾರಿಗೆ ಜಿಂಕೆಯೊಂದು ಅಡ್ಡ ಬಂದು, ಜಿಂಕೆ ಓಡಿಹೋಗಿ ಕಾರು ಗುಜರಿಗೆ ಹೋಗಿತ್ತು. ಕೆಲಸಕ್ಕೆ ಓಡಾಡಲು ಇಬ್ಬರಿಗೂ ಮನೆಯಲ್ಲಿ ಹಳೆಯ ಗಾಡಿಗಳಿದ್ದವು. ಆದರೆ ಇಡೀ ಬೇಸಿಗೆ, ಸ್ಮೋಕಿ ಬೆಟ್ಟದ ತಿರುವುಗಳನ್ನು ಕಣ್ಣೆದುರಿಗಿಟ್ಟುಕೊಂಡು, ಪಿಕಪ್ ಓಡಿಸಿಕೊಂಡು ಯಾರಿರುತ್ತಾರೆ?

"ನಾನು ಒಂದು ಮಸ್ಟಾಂಗ್ ನೋಡಿದ್ದೆ," ಎಂದ ವೆಂಡೆಲ್. "ನೇರ ರಸ್ತೇಲಿ ಸಿಂಹ. ತಿರುವು ಬಂದ್ರೆ ಸೋಫಾ."

"ನಾನು ಟರ್ಬೊ ಹಾಕಿರೋ ಒಂದು ಸಣ್ಣ ಕಾರು ನೋಡ್ದೆ. ಆಟೋಮ್ಯಾಟಿಕ್. ಗೇರ್ ಎಲ್ಲಾ ಅದೇ ಹಾಕ್ಕೊಳೋದಾದ್ರೆ ನಾನ್ಯಾಕೆ ಬೇಕು?"

ವೆಂಡೆಲ್ ತಿರುಗಿ ಅವಳನ್ನು ಪೂರ್ತಿ ನೋಡಿದ್ದು ಆಗಲೇ. ಅವಳೂ ನೋಡಿದಳು. ಮುದುಕ ಇಬ್ಬರನ್ನೂ ನೋಡಿ ಟೀ ಗುಟುಕರಿಸಿದ.

"ಇಬ್ರೂ ಹೇಗೂ ಕೆಲವು ತಿಂಗಳು ತಾನೇ ಇಟ್ಕೊಳೋದು? ಅರ್ಧ ಅರ್ಧ ಹಾಕಿ ತಗೊಳಿ. ಒಂದು ವಾರ ಇವಳು, ಒಂದು ವಾರ ನೀನು. ಗಾಡಿಗೂ ಬೇಜಾರಾಗಲ್ಲ."

ಅದು ತಮಾಷೆಗೆ ಹೇಳಿದ ಮಾತು. ಮಧ್ಯಾಹ್ನದೊಳಗೆ ಅದೇ ಒಪ್ಪಂದವಾಗಿತ್ತು. ಯಾರ ಹೊಸ ಕಾರು ಮೊದಲು ಬರುತ್ತದೋ ಅವರು ತಮ್ಮ ಅರ್ಧವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು.

ಅಲ್ಲಿಂದ ಪ್ರತಿ ಭಾನುವಾರ ಬೆಳಿಗ್ಗೆ, ಮೇರಿವಿಲ್‌ನ ಡೈನರ್ ಎಂಬ ತಿಂಡಿ ಹೋಟೆಲಿನ ಮುಂದೆ, ಕೀ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು.

"ನೀವು ಸ್ಟೀರಿಂಗ್‌ನ ತಬ್ಬಿಕೊಂಡು ಓಡಿಸ್ತೀರಾ?" ಎಂದು ಕೇಳಿದ ವೆಂಡೆಲ್, ಮೊಣಕಾಲು ಉಜ್ಜಿಕೊಳ್ಳುತ್ತಾ. ಅವಳು ಮುಂದಕ್ಕೆಳೆದಿಟ್ಟ ಸೀಟಿಗೆ ಅವನ ಕಾಲು ಹಿಡಿಸುತ್ತಿರಲಿಲ್ಲ.

"ನೀವು ಡಿಕ್ಕಿಯಲ್ಲಿ ಕೂತು ಓಡಿಸ್ತೀರಾ?"

ಕೀ ಕೊಟ್ಟು ಹೊರಟುಬಿಡಬೇಕಾದ ಭೇಟಿ ಕಾಫಿಗೆ ಬೆಳೆಯಿತು. ಕಾಫಿ ಬಿಸ್ಕಿಟ್ ಎಂಬ ಮೆತ್ತನೆ ಬನ್ನು ಮತ್ತು ಗ್ರೇವಿಯ ತಿಂಡಿಗೆ ಬೆಳೆಯಿತು. ವೆಂಡೆಲ್ ಹೈಸ್ಕೂಲಿನಲ್ಲಿ ಬ್ಯಾಂಡ್ ಮೇಷ್ಟ್ರು; ಮಾತಿಲ್ಲದಾಗ ಬೆರಳಿನಲ್ಲಿ ಮೇಜಿನ ಮೇಲೆ ತಾಳ ಹಾಕುತ್ತಿದ್ದ. ಡಾರ್ಸಿಗೆ ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕೆಲಸ. ಆಕಾಶದಲ್ಲಿ ಎಂಥ ಗಡಿಬಿಡಿಯಾದರೂ ಅವಳ ದನಿ ಏರುತ್ತಿರಲಿಲ್ಲ. ನೀವು ಎನ್ನುವುದು ಯಾವ ಭಾನುವಾರ ನೀನು ಆಯಿತೋ ಇಬ್ಬರೂ ಗಮನಿಸಲಿಲ್ಲ.

ಒಂದು ವಿಚಿತ್ರವೆಂದರೆ ಆ ಕಾರಿನಲ್ಲಿ ಅವರಿಬ್ಬರೂ ಒಟ್ಟಿಗೆ ಒಮ್ಮೆಯೂ ಕೂತಿರಲಿಲ್ಲ. ಒಬ್ಬರು ಅದರಲ್ಲಿ ಹೊರಟರೆ ಇನ್ನೊಬ್ಬರು ಹಿಂದಿನ ವಾರ ಅಲ್ಲೇ ಬಿಟ್ಟಿದ್ದ ತಮ್ಮ ಗಾಡಿಯಲ್ಲಿ ಹೊರಡುತ್ತಿದ್ದರು. ಅವನಿಲ್ಲದ ಕಾರಿನಲ್ಲಿ ಅವನ ಪುದೀನ ಚೂಯಿಂಗ್ ಗಮ್ಮಿನ ವಾಸನೆ ಇರುತ್ತಿತ್ತು. ಡಾರ್ಸಿ ಕಿಟಕಿ ತೆರೆಯುವುದನ್ನು ಆದಷ್ಟು ಮುಂದಕ್ಕೆ ಹಾಕುತ್ತಿದ್ದಳು.

ಜೂನ್‌ನ ಒಂದು ಭಾನುವಾರ ಪಕ್ಕದ ಸೀಟು ಹಿಂದಕ್ಕೆ ವಾಲಿತ್ತು.

ಅವಳು ಮೊದಲು ಅದನ್ನು ಸುಮ್ಮನೆ ನೋಡಿದಳು. ಬಿಸಿಲು ಮರೆಯ ಹಿಂದಿನ ಪುಟ್ಟ ಕನ್ನಡಿ ತೆರೆದಿತ್ತು. ಕಪ್ ಇಡುವ ಜಾಗದಲ್ಲಿ ಕಾಗದದ ಲೋಟ, ಅದರ ಅಂಚಿನಲ್ಲಿ ತಿಳಿ ಗುಲಾಬಿ ತುಟಿಯ ಗುರುತು. ವೆನಿಲ್ಲಾದಂಥದ್ದೇನೋ ಸಿಹಿ ವಾಸನೆ ಪುದೀನದ ಮೇಲೆ ಕೂತಿತ್ತು.

ನಾಲ್ಕೂ ಕಿಟಕಿ ಇದ್ದಿದ್ದರೆ ನಾಲ್ಕನ್ನೂ ತೆರೆಯುತ್ತಿದ್ದಳು. ಇದ್ದ ಎರಡನ್ನು ತೆರೆದಳು. ಬೆಟ್ಟದ ರಸ್ತೆಯಲ್ಲಿ ಅವತ್ತು ಗೇರ್ ಬದಲಿಸಿದ ರೀತಿಯನ್ನು ಹಸ್ಕಿ ಮುದುಕಪ್ಪ ನೋಡಿದ್ದರೆ ಕಾರನ್ನು ವಾಪಸ್ ಕೇಳುತ್ತಿದ್ದ.

ಮುಂದಿನ ಭಾನುವಾರ, ಕಾಫಿಗೆ ಸಕ್ಕರೆ ಹಾಕುತ್ತಾ, ಹವಾಮಾನ ಹೇಳುವ ದನಿಯಲ್ಲಿ ಕೇಳಿದಳು. "ಪಕ್ಕದ ಸೀಟಲ್ಲಿ ಯಾರೋ ಕೂತಿದ್ರು ಅನ್ನಿಸ್ತು."

"ಲೇನಿ," ಎಂದ. ಮೇಜಿನ ಮೇಲಿನ ತಾಳ ನಿಂತಿತು. "ನಮ್ಮಿಬ್ಬರ ಎಂಗೇಜ್‌ಮೆಂಟ್ ಆಗಿತ್ತು. ಮೂರು ವರ್ಷದ ಹಿಂದೆ. ಆಮೇಲೆ ಅವಳು ನ್ಯಾಶ್‌ವಿಲ್‌ಗೆ ಹೋದ್ಲು. ಈಗ ಬೇಸಿಗೆಗೆ ಬಂದಿದಾಳೆ."

"ಓಹೋ. ಕಾರು ಇಷ್ಟ ಆಯ್ತಾ?"

"ಸದ್ದು ಜಾಸ್ತಿ ಅಂದ್ಲು."

ಆ ಒಂದು ವಾಕ್ಯ ಡಾರ್ಸಿಯನ್ನು ಸಂಜೆಯವರೆಗೂ ಖುಷಿಯಾಗಿಟ್ಟಿತು. ಸೋಮವಾರಕ್ಕೆ ಅದು ಸಾಲದಾಯಿತು. ಸದ್ದು ಜಾಸ್ತಿ ಎಂದವಳು ಮತ್ತೆ ಹತ್ತಿರಬಹುದು. ಗುಡ್ಡದ ತುದಿಯಲ್ಲಿ ಅವನು ಇಂಜಿನ್ ಆರಿಸಿರಬಹುದು, ಅವಳಿಗಾಗಿ. ಟವರಿನಲ್ಲಿ ಕೂತು, ಮೋಡದಿಂದ ಇಳಿಯುವ ವಿಮಾನಗಳಿಗೆ ದಾರಿ ಹೇಳುತ್ತಲೇ, ಅವಳ ಮನಸ್ಸು ಆ ಆರಿದ ಇಂಜಿನ್ನಿನ ಸುತ್ತ ತಿರುಗುತ್ತಿತ್ತು.

ಅವಳು ಸಣ್ಣತನಕ್ಕೆ ಇಳಿದಳು. ತನ್ನ ವಾರ ಮುಗಿಯುವ ಮುಂಚೆ ಪಕ್ಕದ ಸೀಟನ್ನು ವ್ಯಾಕ್ಯೂಮ್ ಹಾಕಿ ಉಜ್ಜುತ್ತಿದ್ದಳು. ಆಮೇಲೆ ಅದನ್ನು ಎಷ್ಟು ಮುಂದಕ್ಕೆ ಹೋಗುತ್ತದೋ ಅಷ್ಟು ಮುಂದಕ್ಕೆ ತಳ್ಳಿಡುತ್ತಿದ್ದಳು. ಅಲ್ಲಿ ಕೂತವರ ಮೊಣಕಾಲು ಗಲ್ಲಕ್ಕೆ ತಗುಲಬೇಕು. ವಯಸ್ಸು ಮೂವತ್ತನಾಲ್ಕು, ಜವಾಬ್ದಾರಿಯ ಕೆಲಸ, ಮಾಡುತ್ತಿರುವುದು ಇದು. ನಾಚಿಕೆಯಾಗುತ್ತಿತ್ತು. ಆದರೂ ತಳ್ಳುತ್ತಿದ್ದಳು.

ಜುಲೈಯಲ್ಲಿ ಲೇನಿ ಡೈನರಿಗೇ ಬಂದಳು. ಪಕ್ಕದ ಸೀಟಿನಿಂದ ಇಳಿದು, ಮೊಣಕಾಲು ನೇರ ಮಾಡಿಕೊಂಡು, ಡಾರ್ಸಿಯನ್ನು ತಬ್ಬಿಕೊಂಡಳು. ಚೆಲುವೆ. ಒಳ್ಳೆಯವಳು ಕೂಡ. ಅದೇ ಸಹಿಸಲಾಗದ್ದು.

"ನೀನೇ ಡಾರ್ಸಿನಾ? ನಿನ್ನ ಬಗ್ಗೆ ಕೇಳಿ ಕೇಳಿ ಸಾಕಾಗಿದೆ ನಂಗೆ," ಎಂದು ನಕ್ಕಳು. "ಈ ಸೀಟು ಯಾವಾಗ್ಲೂ ಯಾಕೆ ಹೀಗೆ ಮುಂದಕ್ಕಿರತ್ತೆ, ಹೇಳು?"

"ಹಳೇ ಕಾರು," ಎಂದಳು ಡಾರ್ಸಿ. "ತಾನೇ ಜಾರತ್ತೆ."

ವೆಂಡೆಲ್ ಅವಳನ್ನೇ ನೋಡಿದ. ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಅವಳು ಕೀ ಕಿತ್ತುಕೊಂಡು ಹೊರಟಳು. ಕನ್ನಡಿಯಲ್ಲಿ, ಅವನ ತೋಳಿನ ಮೇಲೆ ಲೇನಿಯ ಕೈ ಕಾಣುತ್ತಲೇ ಇತ್ತು, ರಸ್ತೆ ತಿರುಗುವವರೆಗೆ.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಶೋರೂಮಿನ ಮಾರಾಟಗಾರ ಡೆಂಟನ್ ಫೋನ್ ಮಾಡಿದ. "ಮೇಡಂ, ನಿಮ್ಮ ಕಾರು ಬಂತು. ಮೊದಲನೇದು ನಿಮ್ಮದೇ."

ಹೋಗಿ ನೋಡಿದಳು. ಅವಳು ಕೇಳಿದ್ದ ಬಣ್ಣ, ಅವಳು ಕೇಳಿದ್ದ ಗೇರ್. ಒಳಗೆ ಕೂತಳು. ಚರ್ಮದ ಹೊಸ ವಾಸನೆ. ಇಂಜಿನ್ ಚಾಲೂ ಮಾಡಿದಳು. ವರ್ಷದಿಂದ ಕನಸಿನಲ್ಲಿ ಕೇಳಿದ ಸದ್ದು ಅದೇ. ಎದೆಯಲ್ಲಿ ಏನೂ ಆಗಲಿಲ್ಲ. ಈ ಭಾನುವಾರ ಡೈನರಿಗೆ ಹೋಗುವ ಕಾರಣವಿಲ್ಲ ಎಂಬುದೊಂದೇ ತಲೆಯಲ್ಲಿ ತಿರುಗಿತು. ನೀಲಿ ಕಾರು ಇನ್ನು ಪೂರ್ತಿ ವೆಂಡೆಲನದು. ಪಕ್ಕದ ಸೀಟು ಇನ್ನು ಪೂರ್ತಿ ಲೇನಿಯದು. ಅದನ್ನು ಮುಂದಕ್ಕೆ ತಳ್ಳುವವರು ಯಾರೂ ಇಲ್ಲ.

ಇಂಜಿನ್ ಆರಿಸಿ ಇಳಿದಳು. "ನಂಗೆ ಬೇಡ ಡೆಂಟನ್."

"ಬಣ್ಣ ಸರಿಯಿಲ್ವಾ?"

"ಎಲ್ಲಾ ಸರಿಯಿದೆ. ಮುಂದಿನವರಿಗೆ ಕೊಡಿ."

ಡೆಂಟನ್ ಕಂಪ್ಯೂಟರಿನ ಕಡೆ ತಿರುಗಿದ. "ಮುಂದಿನವರು ಟಿಪ್ಟನ್. ವೆಂಡೆಲ್ ಟಿಪ್ಟನ್. ಪುಣ್ಯವಂತ. ಈಗಲೇ ಫೋನ್ ಮಾಡ್ತೀನಿ."

ಡಾರ್ಸಿಯ ಕಾಲು ನಿಂತಲ್ಲೇ ನಿಂತಿತು. ಇದು ಅವಳಿಗೆ ಹೊಳೆದೇ ಇರಲಿಲ್ಲ. ಹೊಸ ಕಾರು ಸಿಕ್ಕರೆ ಅವನು ಹೊರಟುಹೋಗುತ್ತಾನೆ. ನೀಲಿ ಕಾರು ಪೂರ್ತಿ ಅವಳದಾಗುತ್ತದೆ. ಹೊಟ್ಟೆಕಿಚ್ಚಿಗೆ ಬಿದ್ದು ಬೇಡವೆಂದು ಹೇಳಿ, ಲೇನಿಗೆ ಹೊಚ್ಚ ಹೊಸ ಸೀಟನ್ನೇ ತಾನಾಗಿ ಕೊಟ್ಟಂತಾಯಿತು. ಡೆಂಟನ್‌ಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. ಅವನು ಆಗಲೇ ಫೋನಿನಲ್ಲಿ "ಟಿಪ್ಟನ್ ಸರ್, ಸಿಹಿ ಸುದ್ದಿ" ಎನ್ನುತ್ತಿದ್ದ. ಅವಳು ಹೊರಗೆ ಬಂದು ಪಿಕಪ್ ಹತ್ತಿದಳು.

ಭಾನುವಾರ ಡೈನರಿನ ಮುಂದೆ ಬೇಗನೇ ಬಂದು ನಿಂತಳು. ಹೊಸ ಕಾರಿನಲ್ಲಿ ಬರುತ್ತಾನೆ, ಕಂಗ್ರಾಚುಲೇಷನ್ಸ್ ಎನ್ನಬೇಕು, ನಗಬೇಕು ಎಂದು ಮುಖವನ್ನು ಸಿದ್ಧ ಮಾಡಿಕೊಂಡಿದ್ದಳು. ಬಂದದ್ದು ನೀಲಿ ಕಾರು. ಒಬ್ಬನೇ ಇಳಿದ.

"ನಿನ್ನ ಹೊಸ ಕಾರು ಎಲ್ಲಿ?" ಎಂದ, ಏನೂ ಗೊತ್ತಿಲ್ಲದವನ ಹಾಗೆ.

"ನಿನ್ನದೆಲ್ಲಿ?" ಎಂದಳು.

ವೆಂಡೆಲ್ ಬಾನೆಟ್ಟಿಗೆ ಒರಗಿ ಕೈಕಟ್ಟಿದ. "ಡೆಂಟನ್ ಫೋನ್ ಮಾಡಿದ್ದ. ಓಗಲ್ ಮೇಡಂ ಬೇಡ ಅಂದ್ರು, ನೀವು ತಗೊಳಿ ಅಂದ. ನಾನೂ ಬೇಡ ಅಂದೆ. ನಿಮ್ಮಿಬ್ಬರಿಗೂ ಏನಾಗಿದೆ ಅಂತ ಕೇಳ್ದ ಆ ಮನುಷ್ಯ."

"ನೀನು ಏನಂದೆ?"

"ನಂಗೇನಾಗಿದೆ ಅಂತ ಗೊತ್ತು, ಅವಳದು ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದೆ." ಅವನ ದನಿ ತಗ್ಗಿತು. "ಯಾಕೆ ಬೇಡ ಅಂದೆ ಡಾರ್ಸಿ?"

ಅವಳ ಬಳಿ ಮೂರು ನೆಪಗಳು ತಯಾರಿದ್ದವು. ಮೂರನ್ನೂ ಬಿಟ್ಟಳು.

"ಹೊಟ್ಟೆಕಿಚ್ಚು," ಎಂದಳು. "ಲೇನಿ ಮೇಲೆ. ಆ ಸೀಟು ತಾನೇ ಜಾರ್ತಾ ಇರ್ಲಿಲ್ಲ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ದೆಯಾ?"

"ನಂಗೆ ಚೆನ್ನಾಗಿತ್ತು," ಎಂದ. ಕಿವಿಯ ತುದಿ ಕೆಂಪಾಗಿತ್ತು. "ಕಾರು ಕೈಗೆ ಬಂದ ಭಾನುವಾರವೆಲ್ಲ ನಾನು ಅದನ್ನೇ ಮೊದಲು ನೋಡ್ತಿದ್ದೆ. ಇನ್ನೂ ಮುಂದಕ್ಕಿದೆಯಾ ಅಂತ."

"ಲೇನಿ ಎಲ್ಲಿ?"

"ನ್ಯಾಶ್‌ವಿಲ್. ಆಗಸ್ಟಲ್ಲೇ ಹೋದ್ಲು. ನಾವು ಇನ್ನೊಂದು ಸಲ ನೋಡೋಣ ಅಂತಿದ್ವಿ. ನಿಜ ಹೇಳ್ಬೇಕಲ್ಲ. ಒಂದಿನ ಅವಳು, ಕಾರಲ್ಲಿ ಆ ಹುಡುಗಿಯ ಅರ್ಧ ಪಾಲನ್ನ ನೀನೇ ಕೊಂಡ್ಕೊ, ಈ ಭಾನುವಾರದ ವ್ಯವಹಾರ ಮುಗಿಸು ಅಂದ್ಲು. ಆಗಲ್ಲ ಅಂದೆ. ಯಾಕೆ ಅಂತ ಕೇಳಿದ್ಲು. ನಂಗೆ ಉತ್ತರ ಗೊತ್ತಾಗಿದ್ದೇ ಆವಾಗ. ಅವಳಿಗೆ ನನಗಿಂತ ಮುಂಚೆ ಗೊತ್ತಿತ್ತು."

ಡಾರ್ಸಿಗೆ ಆ ಕ್ಷಣ ಲೇನಿಯ ಬಗ್ಗೆ ಅಯ್ಯೋ ಎನಿಸಿತು. ಒಂದೇ ಕ್ಷಣ. ಆಮೇಲೆ ಇಡೀ ಬೇಸಿಗೆಯ ಕಿಚ್ಚು ಮತ್ತೆ ಮಾತಾಗಿ ಬಂತು.

"ಆಗಸ್ಟಲ್ಲಿ ಹೋದವಳ ಮೇಲೆ ನಾನು ಸೆಪ್ಟೆಂಬರ್ ಪೂರ್ತಿ ಉರ್ಕೊಂಡಿದೀನಿ. ಒಂದು ಮಾತು ಹೇಳಬಾರದಿತ್ತಾ?"

"ಹೊಸ ಕಾರು ಬಂದ ತಕ್ಷಣ ನೀನು ಹೋಗ್ತೀಯ ಅನ್ಕೊಂಡಿದ್ದೆ. ಬಾಯಿ ತೆಗೆದ್ರೆ ಅದೇ ಮಾತಿತ್ತಲ್ಲ ನಿಂದು. ಆ ಕಾರು, ಅದರ ಬಣ್ಣ, ಅದರ ಸದ್ದು. ನಂಗೆ ಅದರ ಮೇಲೆ ಹೊಟ್ಟೆಕಿಚ್ಚು."

"ಕಾರಿನ ಮೇಲಾ?"

"ಕಾರಿನ ಮೇಲೆ."

ಅವಳು ನಗಲು ಹೋದಳು. ನಗು ಅರ್ಧಕ್ಕೆ ಬೇರೇನೋ ಆಗಿ, ಕಣ್ಣು ಒರೆಸಿಕೊಳ್ಳಬೇಕಾಯಿತು. ಡೈನರಿನ ಕಿಟಕಿಯಲ್ಲಿ ಕೂತು ಪ್ಯಾನ್‌ಕೇಕ್ ತಿನ್ನುತ್ತಿದ್ದ ಒಂದು ಇಡೀ ಕುಟುಂಬ ಇತ್ತಲೇ ನೋಡುತ್ತಿತ್ತು. ವೆಂಡೆಲ್ ಹತ್ತಿರ ಬಂದು ಅವಳ ಕೆನ್ನೆಯ ಮೇಲಿನ ಕೂದಲನ್ನು ಕಿವಿಯ ಹಿಂದೆ ಸರಿಸಿದ. ಎಷ್ಟೋ ದಿನದಿಂದ ಆ ಕೂದಲನ್ನು ಸರಿಸಬೇಕೆಂದು ಕಾದಿದ್ದವನ ಹಾಗೆ.

"ಒಂದು ಹೇಳ್ಬಿಡ್ತೀನಿ," ಎಂದಳು ಡಾರ್ಸಿ. "ನಂದು ಸುಲಭಕ್ಕೆ ಹೋಗೋ ಬುದ್ಧಿಯಲ್ಲ. ನಾಳೆ ಇನ್ಯಾರೋ ನಿನ್ನ ಹತ್ರ ನಕ್ಕು ಮಾತಾಡಿದ್ರೂ ನಂಗೆ ಉರಿಯತ್ತೆ."

"ಉರೀಲಿ. ನನಗೋಸ್ಕರ ಇಷ್ಟು ಕಷ್ಟ ಪಟ್ಟವರು ಯಾರೂ ಇಲ್ಲ."

ಅವಳು ಅವನ ಶರ್ಟಿನ ಎದೆ ಹಿಡಿದು ಬಗ್ಗಿಸಿಕೊಂಡು ಮುತ್ತಿಟ್ಟಳು. ಕಿಟಕಿಯಲ್ಲಿ ಒಂದು ಫೋರ್ಕ್ ಗಾಳಿಯಲ್ಲೇ ನಿಂತಿತು.

ಆ ಬೆಳಿಗ್ಗೆ ಮೊದಲ ಸಲ ಇಬ್ಬರೂ ಒಟ್ಟಿಗೆ ಕಾರು ಹತ್ತಿದರು. ಅವಳು ಓಡಿಸಿದಳು. ಬೆಟ್ಟದಲ್ಲಿ ಎಲೆಗಳು ಬಣ್ಣ ತಿರುಗಲು ಶುರುವಾಗಿತ್ತು. ತಿರುವಿಗೆ ಮುಂಚೆ ಅವಳು ಗೇರ್ ಇಳಿಸಿದಾಗ ಅವನು ಉಸಿರು ಹಿಡಿಯುತ್ತಿದ್ದ, ದಾಟಿದ ಮೇಲೆ ಬಿಡುತ್ತಿದ್ದ. ನೇರ ರಸ್ತೆ ಬಂದಾಗ ಗೇರಿನ ಮೇಲಿದ್ದ ಅವಳ ಕೈ ಮೇಲೆ ಕೈಯಿಟ್ಟ.

ತುದಿಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಡಾರ್ಸಿ ಕೊಳ್ಳಲು ಹೋದಳು. ಬಿಸಿ ಪೊಟ್ಟಣ ಹಿಡಿದು ತಿರುಗಿದರೆ, ಜೀನ್ಸ್ ತೊಟ್ಟ ಎತ್ತರದ ಹುಡುಗಿಯೊಬ್ಬಳು ನೀಲಿ ಕಾರಿನ ಮೇಲೆ ಕೈಯಾಡಿಸುತ್ತಾ ವೆಂಡೆಲನ ಜೊತೆ ಮಾತಾಡುತ್ತಿದ್ದಳು. ಅವನು ಏನೋ ಹೇಳಿದ. ಅವಳು ತಲೆ ಹಿಂದಕ್ಕೆಸೆದು ನಕ್ಕಳು.

ಉರಿಯಿತು. ಡಾರ್ಸಿ ದೊಡ್ಡ ಹೆಜ್ಜೆ ಹಾಕಿ ಹೋಗಿ, ವೆಂಡೆಲನ ತೋಳಿನೊಳಗೆ ತೋಳು ಸೇರಿಸಿ ನಿಂತಳು.

"ಒಳ್ಳೇ ಕಾರು," ಎಂದಳು ಆ ಹುಡುಗಿ. "ಹೊಸ ಮಾದರಿಗೆ ಬುಕ್ ಮಾಡಿದೀನಿ, ಅದು ಬರೋದು ಇನ್ನೂ ತಡ. ಅಲ್ಲೀವರೆಗೆ ಇಂಥದ್ದು ಒಂದು ಹುಡುಕ್ತಿದೀನಿ. ಮಾರೋ ಯೋಚನೆ ಇದೆಯಾ?"

ವೆಂಡೆಲ್ ಡಾರ್ಸಿಯ ಕಡೆ ನೋಡಿದ.

"ಇಲ್ಲ," ಎಂದಳು ಡಾರ್ಸಿ. "ಇದು ನಮ್ಮ ಕಾರು."